ಹಟ್ಟಿಯ ಕಡೆಯಿಂದ ಕಂಡ ಕಂಬಳ

ಮೂಡುಬಿದಿರೆಯ ಚೌಟರ ಅರಮನೆಗೆ ಶಾಲೆಯ ಮಕ್ಕಳನ್ನು ಎಷ್ಟು ಸಲ ಕರೆದುಕೊಂಡು ಹೋಗಿದ್ದೇನೋ, ಲೆಕ್ಕವಿಟ್ಟಿಲ್ಲ. ಸಾವಿರ ಕಂಬದ ಬಸದಿ ನೋಡಿ ಮುಗಿಸಿ, ಅಲ್ಲಿಂದ ಅರಮನೆಯ ಮರದ ಕಂಬಗಳನ್ನು ತೋರಿಸಿ, ಬುತ್ತಿ ಬಿಚ್ಚುವುದು ನಮ್ಮ ವಾಡಿಕೆ. ಆ ಕಂಬಗಳಲ್ಲಿ ಎರಡು ಕೆತ್ತನೆಗಳು ಹೆಸರುವಾಸಿ. ಒಂಬತ್ತು ಹೆಂಗಸರು ಸೇರಿ ಆನೆಯಾದ ನವನಾರೀ ಕುಂಜರ, ಐವರು ಹೆಂಗಸರು ಸೇರಿ ಕುದುರೆಯಾದ ಪಂಚನಾರೀ ತುರಗ. ಒಂದು ವರ್ಷ ಏಳನೆಯ ತರಗತಿಯ ಹುಡುಗಿಯೊಬ್ಬಳು ತುರಗದ ಎದುರು ತುಂಬ ಹೊತ್ತು ನಿಂತಳು. "ಟೀಚರ್, ದೂರದಿಂದ ನೋಡಿದರೆ ಕುದುರೆ ಮಾತ್ರ ಕಾಣ್ತದೆ. ಹತ್ತಿರ ಬಂದರೆ ಬರೀ ಹೆಂಗಸರೇ" ಅಂದಳು. ನಾನು ನಕ್ಕು ಸುಮ್ಮನಾದೆ. ಬಸ್ಸಿನಲ್ಲಿ ಹಿಂದಿರುಗುವಾಗ ಮಾತ್ರ ಆ ಮಾತು ನನ್ನನ್ನು ಬಿಡಲಿಲ್ಲ. ನೆನಪಿಗೆ ಬಂದದ್ದು ಕುದುರೆಯಲ್ಲ, ನನ್ನ ತವರುಮನೆಯ ಕೋಣಗಳು.

ಕುದುರೆ ನಮ್ಮ ನೆಲದ ಪ್ರಾಣಿಯಲ್ಲ. ವಿಜಯನಗರದ ಕಾಲದಲ್ಲಿ ಅರಬ್ಬೀ ಕುದುರೆಗಳು ಭಟ್ಕಳದಂಥ ಬಂದರುಗಳಲ್ಲಿ ಇಳಿದು ಘಟ್ಟ ಹತ್ತಿ ಹೋದವು. ಕೆಸರುಗದ್ದೆಯ ತುಳುನಾಡಿನಲ್ಲಿ ಉಳಿದು ಬಾಳಿದ್ದು ಕೋಣ. ಬೇರೆ ದೇಶಗಳಲ್ಲಿ ಕುದುರೆ ಸಾಕಿ, ಅದನ್ನು ಪಂದ್ಯಕ್ಕೆ ಇಳಿಸಿ, ಗೆದ್ದಾಗ ಊರಿಗೇ ಊಟ ಹಾಕುವವರಿದ್ದಾರೆಂದು ಓದುತ್ತೇವೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಆ ಹುಚ್ಚು, ಆ ಮರ್ಯಾದೆ, ಆ ಖರ್ಚು ಎಲ್ಲವೂ ಕಂಬಳದ ಕೋಣಗಳಿಗೆ. ಕಂಬಳದ ಬಗ್ಗೆ ಬರೆದವರು ಬಹಳ ಮಂದಿ. ಅವರೆಲ್ಲ ಕರೆಯ ಬದಿಯಲ್ಲಿ ನಿಂತು ಬರೆದಿದ್ದಾರೆ. ನಾನು ಹಟ್ಟಿಯ ಬಾಗಿಲಲ್ಲಿ ನಿಂತು ಕಂಡದ್ದನ್ನು ಹೇಳುತ್ತೇನೆ.

ನನ್ನ ತವರು ಬಂಟ್ವಾಳ ತಾಲೂಕಿನ ವಾಮದಪದವಿನ ಆಚೆಗಿನ ಒಂದು ಹಳ್ಳಿ. ಅಜ್ಜನ ಕಾಲದಲ್ಲಿ ನಾವು ಗೇಣಿ ಒಕ್ಕಲು. ಆಗ ಕಂಬಳವೆಂದರೆ ಬೀಡಿನವರದ್ದು, ಗುತ್ತಿನವರದ್ದು. ಏಣೆಲು ಬೆಳೆ ಕೊಯ್ದು, ಸುಗ್ಗಿ ಬೆಳೆಗೆ ಗದ್ದೆ ಹದ ಮಾಡುವ ಹೊತ್ತಿನಲ್ಲಿ ದೊಡ್ಡ ಮನೆಯ ಕಂಬಳಗದ್ದೆಗೆ ಒಕ್ಕಲುಗಳೆಲ್ಲ ಕೋಣಗಳನ್ನು ಕಟ್ಟಿಕೊಂಡು ಹೋಗಬೇಕಿತ್ತು. ಊಳುವುದು, ಓಡಿಸುವುದು, ಪೂಕರೆ ನೆಡುವುದು, ದೈವಕ್ಕೆ ಕೈಮುಗಿಯುವುದು ಎಲ್ಲ ಒಂದೇ ದಿನದ ಕಟ್ಟಳೆ. ಗೆದ್ದವನಿಗೆ ಸಿಗುತ್ತಿದ್ದುದು ಬಾಳೆಗೊನೆ, ಎಳನೀರು, ತೆಂಗಿನಕಾಯಿ. ಗದ್ದೆ ಧನಿಗಳದ್ದು, ಹೆಸರೂ ಧನಿಗಳದ್ದು.

ಈ ಕಟ್ಟಳೆಯ ಇನ್ನೊಂದು ಮುಖವನ್ನು ನಾವು ಮಕ್ಕಳಿಗೆ ಪಾಠದಲ್ಲಿ ಹೇಳುವುದಿಲ್ಲ, ಆದರೆ ಹೇಳಬೇಕು. ಕಂಬಳದ ಹಿಂದಿನ ರಾತ್ರಿ ಕೊರಗ ಜನರು ಗದ್ದೆಯ ಬದಿಯಲ್ಲಿ ಮಂಜಿನಲ್ಲಿ ಕುಳಿತು, ಬೆಳಗಿನವರೆಗೆ ಡೋಲು ಬಡಿಯುತ್ತ ಹಾಡಬೇಕಿತ್ತು. ಅದಕ್ಕೆ ತುಳುವಿನಲ್ಲಿ ಪನಿ ಕುಲ್ಲುನಿ ಎನ್ನುತ್ತಾರೆ. ಪನಿ ಎಂದರೆ ಇಬ್ಬನಿ, ಕುಲ್ಲುನಿ ಎಂದರೆ ಕೂರುವುದು. ದೊಡ್ಡವರ ಸಂಭ್ರಮಕ್ಕೆ ಬಡವರ ಮೈ ಚಳಿಯಲ್ಲಿ ನೆನೆಯಬೇಕಾಗಿದ್ದ ಕಾಲವದು. ಕೊರಗರ ಮೇಲೆ ಹೇರಿದ ಅಜಲು ಪದ್ಧತಿಯನ್ನು ರಾಜ್ಯ ಸರಕಾರ 2000ದಲ್ಲಿ ಕಾನೂನು ಮಾಡಿ ನಿಷೇಧಿಸಿತು. ಹಿಂದಿನದೆಲ್ಲ ಹೊನ್ನಿನ ಕಾಲವೆಂದು ಹಾಡುವವರು ಇದನ್ನೂ ನೆನಪಿಟ್ಟುಕೊಳ್ಳಬೇಕು.

1974ರಲ್ಲಿ ಭೂಸುಧಾರಣೆ ಕಾನೂನಿನ ತಿದ್ದುಪಡಿ ಬಂತು. ಅಪ್ಪ ಡಿಕ್ಲರೇಶನ್ ಕೊಟ್ಟು, ಟ್ರಿಬ್ಯೂನಲ್ಲಿಗೆ ಅಲೆದು, ಕೊನೆಗೆ ಉಳುತ್ತಿದ್ದ ಮೂರು ಎಕ್ರೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡರು. ಗದ್ದೆಯ ಪಟ್ಟೆ ಕೈಗೆ ಬಂದ ಕೆಲವು ವರ್ಷಗಳಲ್ಲೇ ಅವರಿಗೆ ಓಟದ ಕೋಣಗಳ ಆಸೆ ಹುಟ್ಟಿತು. ಆಗ ನನಗೆ ಅದು ಹುಚ್ಚೆನಿಸಿತ್ತು. ಈಗ ಯೋಚಿಸಿದರೆ ಅರ್ಥವಾಗುತ್ತದೆ. ತಲೆಮಾರುಗಳಿಂದ ಇನ್ನೊಬ್ಬರ ಗದ್ದೆಯಲ್ಲಿ ಇನ್ನೊಬ್ಬರ ಹೆಸರಿಗೆ ಕೋಣ ಓಡಿಸಿದವರ ಮಗ, ಒಮ್ಮೆಯಾದರೂ ತನ್ನ ಹೆಸರನ್ನು ಮೈಕಿನಲ್ಲಿ ಕೇಳಬೇಕೆಂದು ಬಯಸಿದರೆ ಅದರಲ್ಲಿ ತಪ್ಪೇನು?

ಅದಕ್ಕೆ ಸರಿಯಾಗಿ ಕಂಬಳವೂ ಬದಲಾಗಿತ್ತು. ಒಂದೇ ಗದ್ದೆಯ ಓಟದ ಬದಲು, ಎರಡು ಕರೆಗಳನ್ನು ಅಕ್ಕಪಕ್ಕ ಮಾಡಿ ಎರಡು ಜೋಡಿಗಳನ್ನು ಏಕಕಾಲಕ್ಕೆ ಬಿಡುವ ಜೋಡುಕರೆ ಕಂಬಳಗಳು ಒಂದೊಂದಾಗಿ ಶುರುವಾದವು. ಸಮಿತಿಗಳು ಹುಟ್ಟಿದವು, ಬಾಳೆಗೊನೆಯ ಜಾಗದಲ್ಲಿ ಚಿನ್ನ ಬಂತು. ಊರಿನ ಯಾವ ರೈತನೂ ಕೋಣಗಳನ್ನು ತರಬಹುದಾಯಿತು. ಓದುಗರಲ್ಲಿ ಕಂಬಳ ನೋಡದವರಿಗಾಗಿ ಒಂದು ಮಾತು ಹೇಳುತ್ತೇನೆ. ಸ್ಪರ್ಧೆಯಲ್ಲಿ ವಿಭಾಗಗಳಿವೆ. ಮರದ ಹಗುರ ನೇಗಿಲು ಕಟ್ಟಿ ಓಡಿಸುವುದು ನೇಗಿಲು. ನೊಗಕ್ಕೆ ನೇರ ಹಗ್ಗ ಕಟ್ಟಿ ಓಡಿಸುವುದು ಹಗ್ಗ. ಹಲಗೆಯ ಮೇಲೆ ನಿಂತು ಹೋಗುವುದು ಅಡ್ಡಹಲಗೆ. ಕನೆಹಲಗೆಯಲ್ಲಿ ವೇಗಕ್ಕಿಂತ ನೀರು ಮುಖ್ಯ. ಹಲಗೆಯ ತೂತುಗಳಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಬೇಕು. ಆರೂವರೆ ಕೋಲು, ಏಳೂವರೆ ಕೋಲು ಎಂದು ಅದರ ಎತ್ತರ. ನೇಗಿಲು ಮತ್ತು ಹಗ್ಗದಲ್ಲಿ ಹಿರಿಯ, ಕಿರಿಯ ಎಂಬ ಭಾಗಗಳೂ ಉಂಟು. ಓಟ ಮುಗಿಯುವ ಏರುಜಾಗಕ್ಕೆ ಮಂಜೊಟ್ಟಿ ಎಂದು ಹೆಸರು. ಕೋಣದ ಯಜಮಾನ ಬೇರೆ, ಓಡಿಸುವವನು ಬೇರೆ. ಹೆಚ್ಚಾಗಿ ಓಡಿಸುವವನು ಕೂಲಿನಾಲಿ ಮಾಡುವ ಗಟ್ಟಿಮೈಯ ಹುಡುಗನೇ.

ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಒಂದು ಜೋಡಿ ಕಿರಿಯ ಕೋಣಗಳನ್ನು ತಂದರು. ಹಣ ಎಲ್ಲಿಂದ ಬಂತೆಂದು ನಾವು ಮಕ್ಕಳು ಕೇಳಲಿಲ್ಲ. ಆ ವಾರ ಅಮ್ಮನ ಕೊರಳಲ್ಲಿ ಚಿನ್ನದ ಸರದ ಬದಲು ಕರಿಮಣಿ ಮಾತ್ರ ಇದ್ದುದನ್ನು ನೋಡಿ ನಮಗೇ ತಿಳಿಯಿತು. ಕೋಣಗಳಿಗೆ ಬೊಳ್ಳ, ಕಾಟಿ ಎಂದು ಹೆಸರು. ಅಮ್ಮ ಇಬ್ಬರನ್ನೂ "ಮಗಾ" ಎಂದೇ ಕರೆಯುತ್ತಿದ್ದರು.

ಓಟದ ಕೋಣವೆಂದರೆ ಮನೆಗೆ ಬಂದ ಬಾಣಂತಿಯ ಹಾಗೆ. ಅದರ ಆರೈಕೆಗೆ ಬಿಡುವೆಂಬುದಿಲ್ಲ. ರಾತ್ರಿ ನೆನೆಸಿದ ಹುರುಳಿಯನ್ನು ಬೆಳಗಿನ ಜಾವ ಹಂಡೆಯಲ್ಲಿ ಬೇಯಿಸಬೇಕು. ಎರಡು ಕೋಣಗಳಿಗೆ ದಿನಕ್ಕೆ ಆರು ಸೇರು ಹುರುಳಿ ನಮ್ಮ ಮನೆಯ ಅಳತೆ. ಬೆಂದದ್ದನ್ನು ಒರಳಲ್ಲಿ ರುಬ್ಬಿ, ಮುದ್ದೆ ಮಾಡಿ, ಹದವಾಗಿ ತಣಿಸಿ ತಿನ್ನಿಸಬೇಕು. ಆಮೇಲೆ ಬೈಹುಲ್ಲು, ಅಕ್ಕಚ್ಚು, ಹಸಿಹುಲ್ಲು. ಬಿಸಿಲೇರುವ ಮೊದಲು ತೋಡಿಗೆ ಇಳಿಸಿ ಈಜಿಸಬೇಕು. ಸಂಜೆ ಎಣ್ಣೆ ಹಚ್ಚಿ ಸಂದುಸಂದುಗಳನ್ನು ತಿಕ್ಕಿ, ಬಿಸಿನೀರು ಹೊಯ್ಯಬೇಕು. ಹಟ್ಟಿಯಲ್ಲಿ ನೊಣ, ಸೊಳ್ಳೆ ಬಾರದ ಹಾಗೆ ಹೊಗೆ ಹಾಕಬೇಕು. ಋತು ಶುರುವಾಗುವ ಮೊದಲು ಕುದಿ ಕಂಬಳಗಳು, ಅಂದರೆ ಅಭ್ಯಾಸದ ಓಟಗಳು. ಅಪ್ಪ ಕೋಣಗಳನ್ನು ತೋಡಿಗೆ ಕರೆದೊಯ್ಯುತ್ತಿದ್ದರು, ಎಣ್ಣೆ ತಿಕ್ಕುತ್ತಿದ್ದರು, ಅದು ನಿಜ. ಬೆಂಕಿ, ಹಂಡೆ, ಒರಳು, ಸೆಗಣಿ, ಹುಲ್ಲು ಎಲ್ಲ ಅಮ್ಮನದ್ದು. ಅದರ ಮೇಲೆ ನಮ್ಮ ಐದು ಜನರ ಗಂಜಿ. ನಾನು ಬಿ.ಎ. ಓದುವಾಗ ಇತಿಹಾಸದ ಪುಸ್ತಕವನ್ನು ಆ ಒಲೆಯ ಬೆಳಕಿನಲ್ಲೇ ಓದಿದ್ದೇನೆ. ಇಂದಿಗೂ ಹುರುಳಿ ಬೇಯುವ ವಾಸನೆ ಬಂದರೆ ನನಗೆ ಪರೀಕ್ಷೆಯ ಭಯವಾಗುತ್ತದೆ.

ಆಗ ಕೋಣಗಳು ಕಂಬಳಕ್ಕೆ ನಡೆದೇ ಹೋಗುತ್ತಿದ್ದವು. ಹಿಂದಿನ ದಿನವೇ ಹೊರಟು, ದಾರಿಯಲ್ಲಿ ನೆಂಟರ ಮನೆಯಲ್ಲಿ ತಂಗಿ, ಬೆಳಿಗ್ಗೆ ಕರೆಗೆ ಇಳಿಸುವುದು. ಹೊರಡುವಾಗ ಅಂಗಳದಲ್ಲಿ ದೀಪ, ಹೂವು, ದೈವಕ್ಕೆ ಪ್ರಾರ್ಥನೆ. ನಮ್ಮ ಮನೆಯ ಪದ್ಧತಿಯಲ್ಲಿ ಹೆಂಗಸರು ಜತೆಗೆ ಹೋಗುವಂತಿರಲಿಲ್ಲ. ಅಜ್ಜಿ ಅದನ್ನು ಶಾಸ್ತ್ರವೆಂದೇ ಹೇಳುತ್ತಿದ್ದರು. ಗಂಡಸರು ಹೋದ ಮೇಲೆ ಹಟ್ಟಿ ಖಾಲಿಯಾಗುತ್ತಿತ್ತು. ಅಮ್ಮ ಆ ದಿನವೂ ಹಂಡೆಗೆ ನೀರು ತುಂಬಿ, ದಾರಿ ನೋಡುತ್ತ ಕುಳಿತಿರುತ್ತಿದ್ದರು. ಗೆದ್ದರೋ ಸೋತರೋ ಎಂಬುದು ನಮಗೆ ಡೋಲಿನ ಸದ್ದಿನಿಂದ ತಿಳಿಯಬೇಕಿತ್ತು. ಗೆದ್ದರೆ ಡೋಲು ಗುಡ್ಡದ ಆಚೆಯಿಂದಲೇ ಕೇಳುತ್ತಿತ್ತು. ಸೋತರೆ ಕೋಣಗಳ ಗೊರಸಿನ ಸದ್ದು ಮಾತ್ರ.

1986ರ ಒಂದು ರಾತ್ರಿ ಡೋಲು ಕೇಳಿತು. ನೇಗಿಲು ಕಿರಿಯದಲ್ಲಿ ನಮಗೆ ಎರಡನೆಯ ಬಹುಮಾನ, ಅರ್ಧ ಪವನು ಚಿನ್ನ. ಅಪ್ಪ ನೆಲದ ಮೇಲೆ ಕಾಲಿಡದವರಂತೆ ಬಂದರು. ಊರವರೆಲ್ಲ ಅಂಗಳದಲ್ಲಿ. ನಾನು ಬೆಲ್ಲ ನೀರು ಹಂಚಿ ಒಳಗೆ ಬಂದರೆ ಅಮ್ಮ ಕಾಣಿಸಲಿಲ್ಲ. ಚಿಮಿಣಿ ದೀಪ ಹಿಡಿದು ಹಟ್ಟಿಯಲ್ಲಿದ್ದರು. ಬೊಳ್ಳನ ಬೆನ್ನ ಮೇಲೆ ಬೆತ್ತದ ಬಾಸುಂಡೆಗಳು ಎದ್ದಿದ್ದವು, ಎರಡು ಕಡೆ ರಕ್ತ ಒಸರಿತ್ತು. ಅಮ್ಮ ತೆಂಗಿನೆಣ್ಣೆಗೆ ಅರಸಿನ ಕಲಸಿ ಒಂದೊಂದೇ ಗೆರೆಗೆ ಹಚ್ಚುತ್ತಿದ್ದರು. ಕೋಣ ಮುಖ ತಿರುಗಿಸಿ ಅಮ್ಮನ ಭುಜಕ್ಕೆ ಮೂಗು ಒತ್ತಿ ನಿಂತಿತ್ತು. ಅಷ್ಟರಲ್ಲಿ ಅಪ್ಪ ಚಿನ್ನದ ಪೊಟ್ಟಣ ಹಿಡಿದು ಹಟ್ಟಿಗೇ ಬಂದರು. ಅಮ್ಮ ಅದನ್ನು ಮುಟ್ಟಲಿಲ್ಲ. "ನೀವು ಇವನನ್ನು ಮುಟ್ಟಿ ನೋಡಿ ಮೊದಲು" ಅಂದರು, ಅಷ್ಟೆ. ಮೂರು ದಿನ ಅವರು ಅಪ್ಪನ ಜತೆ ಮಾತನಾಡಲಿಲ್ಲ. ಮುಂದಿನ ವರ್ಷದಿಂದ ಅಪ್ಪ ಓಡಿಸುವವನಿಗೆ ಹೇಳುತ್ತಿದ್ದ ಮೊದಲ ಷರತ್ತು, "ಸೋತರೂ ಚಿಂತಿಲ್ಲ, ಹೊಡೆಯಬೇಡ" ಎಂದು. ಆ ಅರ್ಧ ಪವನು ಅಮ್ಮನ ಸರವಾಗಲಿಲ್ಲ. ಮಳೆಗಾಲದಲ್ಲಿ ಹುರುಳಿಗೆ, ಎಣ್ಣೆಗೆ ಅದೂ ಖರ್ಚಾಯಿತು.

ಇದನ್ನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಎತ್ತಿನ ಓಟಗಳ ವಿರುದ್ಧ ತೀರ್ಪು ಕೊಟ್ಟಾಗ, ಅದರ ಬಿಸಿ ನಮ್ಮ ಕಂಬಳಕ್ಕೂ ತಟ್ಟಿತು. 2016ರ ನವೆಂಬರಿನಲ್ಲಿ ರಾಜ್ಯದ ಹೈಕೋರ್ಟು ಕಂಬಳಕ್ಕೆ ತಡೆ ಕೊಟ್ಟಿತು. ಮರುವರ್ಷದ ಜನವರಿಯಲ್ಲಿ ಚೆನ್ನೈಯ ಮರೀನಾ ಕಡಲತೀರದಲ್ಲಿ ಜನ ಸೇರಿದ್ದನ್ನು ನೋಡಿ ನಮ್ಮ ಕಡೆಯೂ ಪ್ರತಿಭಟನೆಗಳಾದವು. ಮೂಡುಬಿದಿರೆಯಲ್ಲಿ ಕೋಣಗಳನ್ನೇ ಕರೆದುಕೊಂಡು ಜನ ಬಂದರು. 2017ರ ಫೆಬ್ರವರಿಯಲ್ಲಿ ವಿಧಾನಮಂಡಲ ತಿದ್ದುಪಡಿ ಮಸೂದೆಯನ್ನು ಒಪ್ಪಿತು, ಜುಲೈಯಲ್ಲಿ ಸುಗ್ರೀವಾಜ್ಞೆ ಬಂತು, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೊನೆಗೆ 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ ಈ ಕಾನೂನುಗಳನ್ನು ಎತ್ತಿಹಿಡಿಯಿತು. ಪ್ರಾಣಿಗೆ ನೋವಾಗುವುದನ್ನು ಕಡಿಮೆ ಮಾಡಬೇಕೆಂಬ ಷರತ್ತಿನ ಮೇಲೆಯೇ ಇದೆಲ್ಲ ನಿಂತಿರುವುದು. ಆ ದಿನಗಳಲ್ಲಿ ಟೀವಿಯಲ್ಲಿ ಒಂದು ಕಡೆಯವರು ಸಂಸ್ಕೃತಿ ಎಂದರು, ಇನ್ನೊಂದು ಕಡೆಯವರು ಕ್ರೌರ್ಯ ಎಂದರು. ಚಿಮಿಣಿ ದೀಪದ ಬೆಳಕಿನಲ್ಲಿ ಅರಸಿನ ಹಚ್ಚಿದವರನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಎರಡೂ ನಿಜವೆಂದು ಅವರು ಹೇಳುತ್ತಿದ್ದರು.

ಅಪ್ಪ ತೀರಿಹೋಗಿ ಆಗಲೇ ವರ್ಷಗಳಾಗಿದ್ದವು. ಕೋಣಗಳು ಅಣ್ಣನ ಕಾಲಕ್ಕೆ ಬಂದಿದ್ದವು. ಅಣ್ಣನಿಗೆ ಅಡಿಕೆ ತೋಟವೇ ಜೀವನ. ಗದ್ದೆ ಉಳಿದದ್ದು ಅರ್ಧ ಎಕ್ರೆ ಮಾತ್ರ, ಅದನ್ನು ಊಳಲಿಕ್ಕೂ ಟಿಲ್ಲರ್. ಊರಲ್ಲಿ ಉಳುವ ಕೋಣಗಳೇ ಇಲ್ಲವಾಗಿ, ಕೋಣವೆಂದರೆ ಓಟದ ಕೋಣ ಎಂಬಂತಾಗಿದೆ. ಓಟ ನಿಂತ ಆ ವರ್ಷ ಅಣ್ಣ ದಿನವಿಡೀ ಜಗಲಿಯಲ್ಲಿ ಕೂತಿರುತ್ತಿದ್ದ. ಓಡದ ಕೋಣಕ್ಕೆ ದಿನಕ್ಕೆ ಇಷ್ಟು ಖರ್ಚು ಎಂದು ಲೆಕ್ಕ ಹಾಕುತ್ತಿದ್ದ. ಮಾರಿದರೆ ಕೊಳ್ಳುವವರು ಯಾರು, ಯಾವುದಕ್ಕೆ ಕೊಳ್ಳುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಒಂದು ದಿನ ಊಟಕ್ಕೆ ಕೂತಾಗ ಅವನು ಮಾರುವ ಮಾತೆತ್ತಿದ. ಅಮ್ಮ ಬಡಿಸುತ್ತಿದ್ದ ಕೈ ನಿಲ್ಲಿಸಿ, "ಓಡದಿದ್ದರೆ ತಿನ್ನಬಾರದೆಂದು ಯಾವ ಕೋರ್ಟು ಹೇಳಿದೆ? ನಾನೂ ಈಗ ಓಡುವುದಿಲ್ಲ" ಎಂದರು. ಅತ್ತಿಗೆ ಮುಖ ತಿರುಗಿಸಿ ನಕ್ಕರು. ಆ ಮಾತು ಅಲ್ಲಿಗೇ ಮುಗಿಯಿತು.

ಈಗಿನ ಹಟ್ಟಿ ಬೇರೆ. ಫ್ಯಾನ್ ಇದೆ, ರಬ್ಬರ್ ಹಾಸು ಇದೆ. ಹುರುಳಿ ರುಬ್ಬಲು ಗ್ರೈಂಡರ್ ಇದೆ. ಸೆಕೆಗೆ ದೇಹ ತಂಪಾಗಲೆಂದು ಕ್ಯಾರೆಟ್, ಕುಂಬಳಕಾಯಿ. ಕೋಣಗಳು ಲಾರಿಯಲ್ಲಿ ಹೋಗುತ್ತವೆ, ಜತೆಗೆ ಕುಡಿಯುವ ನೀರೂ ಮನೆಯಿಂದಲೇ. ಮೊದಲ ಬಹುಮಾನ ಎರಡು ಪವನು, ಎರಡನೆಯದು ಒಂದು ಪವನು ಎಂದಾಗಿದೆ. ಆದರೂ ವರ್ಷದ ಖರ್ಚಿನ ಎದುರು ಅದು ಏನೂ ಅಲ್ಲ. ಲಾಭಕ್ಕಾಗಿ ಯಾರೂ ಕೋಣ ಸಾಕುವುದಿಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ತೋಟ, ಸೊಸೈಟಿ, ಮಕ್ಕಳ ಫೀಸು. ನವೆಂಬರಿನಿಂದ ಬೇಸಗೆ ಏರುವವರೆಗೆ ಶನಿವಾರ ಬಂತೆಂದರೆ ಕಂಬಳ. ಶನಿವಾರ ಬೆಳಿಗ್ಗೆ ಇಳಿದವರು ಭಾನುವಾರ ಮನೆಗೆ. ಒಂದು ವಾರ ಹೊಕ್ಕಾಡಿಗೋಳಿ, ಇನ್ನೊಂದು ವಾರ ಕಕ್ಯಪದವು, ಮತ್ತೊಂದು ವಾರ ವೇಣೂರು. ನಿದ್ದೆಗೆಟ್ಟ ಕಣ್ಣಲ್ಲಿ ಅಣ್ಣ ಮರಳಿದಾಗ ಅತ್ತಿಗೆ ಮೊದಲು ಕೋಣಗಳ ಕಾಲು ಮುಟ್ಟಿ ನೋಡುತ್ತಾರೆ, ಆಮೇಲೆ ಗಂಡನಿಗೆ ಕಾಫಿ. ಇದು ಅಮ್ಮನಿಂದ ಬಂದ ಕ್ರಮ.

ಆ ಕರೆಗಳ ಹೆಸರುಗಳನ್ನು ಕೇಳಿದ್ದೀರಾ? ಹೊಕ್ಕಾಡಿಗೋಳಿಯದ್ದು ವೀರ-ವಿಕ್ರಮ, ಕಕ್ಯಪದವಿನದ್ದು ಸತ್ಯ-ಧರ್ಮ, ವೇಣೂರಿನದ್ದು ಸೂರ್ಯ-ಚಂದ್ರ, ಮೂಡುಬಿದಿರೆಯದ್ದು ಕೋಟಿ-ಚೆನ್ನಯ, ಮಿಯಾರಿನದ್ದು ಲವ-ಕುಶ, ಗಡಿಯಾಚೆ ಪೈವಳಿಕೆಯದ್ದು ಅಣ್ಣ-ತಮ್ಮ. ತರಗತಿಯಲ್ಲಿ ಇವನ್ನು ಹೇಳಿಸುವಾಗ ನಾನೊಂದು ಪ್ರಶ್ನೆ ಹಾಕುತ್ತೇನೆ: ಕೋಟಿ-ಚೆನ್ನಯರ ತಾಯಿ ಯಾರು? ದೇಯಿ ಬೈದೆತಿ. ಲವ-ಕುಶರ ತಾಯಿ? ಸೀತೆ. ತಾಯಂದಿರಿಲ್ಲದೆ ಆ ಜೋಡಿಗಳಿಲ್ಲ. ಕರೆಗೆ ಮಾತ್ರ ಮಕ್ಕಳ ಹೆಸರು. ಮಕ್ಕಳು ನಗುತ್ತಾರೆ, ಆದರೆ ಹುಡುಗಿಯರು ಸ್ವಲ್ಪ ತಡವಾಗಿ ನಗುತ್ತಾರೆ.

2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ನಮ್ಮ ಕಡೆ ತಿರುಗಿತು. ನೂರು ಮೀಟರಿಗೆ ಲೆಕ್ಕ ಹಾಕಿದರೆ 9.55 ಸೆಕೆಂಡು ಎಂದು ಅವರನ್ನು ಉಸೇನ್ ಬೋಲ್ಟನಿಗೆ ಹೋಲಿಸಿದರು. ಬರ್ಲಿನ್ನಿನಲ್ಲಿ 2009ರಲ್ಲಿ ಬೋಲ್ಟ್ ಓಡಿದ್ದು 9.58ರಲ್ಲಿ. ಕಟ್ಟಡದ ಕೆಲಸ ಮಾಡುತ್ತಿದ್ದ ಆ ಯುವಕನಿಗೆ ಕ್ರೀಡಾ ಪ್ರಾಧಿಕಾರದ ಪರೀಕ್ಷೆಗೆ ಕರೆ ಬಂತು. ಅವರು ನಯವಾಗಿ ಬೇಡವೆಂದರು. ನಮ್ಮ ಅಮ್ಮ ಪೇಪರಿನಲ್ಲಿ ಚಿತ್ರ ನೋಡಿ ಹೇಳಿದ್ದು ಒಂದೇ ಮಾತು: "ಹುಡುಗ ಒಳ್ಳೆಯವನು. ಕೋಣಗಳೂ ಓಡಿವೆ, ಅವಕ್ಕೆ ಹುರುಳಿ ಬೇಯಿಸಿದವಳಿಗೂ ಒಂದು ಸಂತೋಷ ಆಗಿರಬೇಕು." ಸರಿಯಾದ ಮಾತು. ಕೆಸರಿನಲ್ಲಿ ಕೋಣಗಳ ಸೆಳೆತದ ಜತೆ ಓಡುವುದನ್ನು ಮೈದಾನದ ಓಟದೊಡನೆ ಹೋಲಿಸಲಾಗದು. ಕಂಬಳದಲ್ಲಿ ಯಾರೂ ಒಬ್ಬರೇ ಓಡುವುದಿಲ್ಲ.

ಅದಕ್ಕೂ ಮೊದಲು, ಕಂಬಳ ಮತ್ತೆ ಶುರುವಾದ ಮೇಲಿನ ಒಂದು ವರ್ಷ, ನಾನು ಹಟ ಹಿಡಿದು ಅಮ್ಮನನ್ನು ಮೂಡುಬಿದಿರೆಯ ಕಡಲಕೆರೆಯ ಕಂಬಳಕ್ಕೆ ಕರೆದುಕೊಂಡು ಹೋದೆ. ನಾನು ಮದುವೆಯಾಗಿ ಬಂದದ್ದು ಈ ಊರಿಗೇ. ಅಣ್ಣನ ಕೋಣಗಳೂ ಬಂದಿದ್ದವು. ಮೂವತ್ತು ವರ್ಷ ಓಟದ ಕೋಣಗಳನ್ನು ಸಾಕಿದ ನನ್ನ ಅಮ್ಮ, ಎಂಬತ್ತಕ್ಕೆ ಎರಡು ಕಡಿಮೆ ಇರುವಾಗ, ಮೊದಲ ಸಲ ಕರೆಯನ್ನು ಕಂಡರು. ಕುರ್ಚಿಯಲ್ಲಿ ಕುಳಿತು, ಸೆರಗು ಹೊದ್ದು, ವಿದ್ಯುದ್ದೀಪಗಳ ಬೆಳಕಲ್ಲಿ ಹೊಳೆಯುವ ನೀರನ್ನು ನೋಡುತ್ತಿದ್ದರು. ಅಣ್ಣನ ಹೆಸರನ್ನು ಮೈಕಿನಲ್ಲಿ ಕರೆದರು. ನಮ್ಮ ಜೋಡಿ ಇಳಿಯಿತು. ಹದಿನಾಲ್ಕು ಸೆಕೆಂಡಿನಲ್ಲಿ ಎಲ್ಲ ಮುಗಿದುಹೋಯಿತು. ಪಕ್ಕದ ಕರೆಯವರು ಸ್ವಲ್ಪ ಮುಂದಿದ್ದರು. ನಾವು ಸೋತೆವು.

ನನಗೆ ಅಳು ಬಂದ ಹಾಗಾಯಿತು. ಇಷ್ಟು ವರ್ಷ ಕಾದು ಬಂದವರಿಗೆ ಸೋಲು ತೋರಿಸಿದೆನಲ್ಲಾ ಎಂದು. "ಅಮ್ಮಾ, ಸೋತೆವು" ಎಂದೆ. ಅಮ್ಮ ಮಂಜೊಟ್ಟಿಯ ಕಡೆಯೇ ನೋಡುತ್ತಿದ್ದರು.

"ಹೊಡೆದನಾ?" ಎಂದು ಕೇಳಿದರು.

"ಇಲ್ಲಮ್ಮ, ಬೆತ್ತ ಎತ್ತಿದ್ದು ಮಾತ್ರ, ಹೊಡೆಯಲಿಲ್ಲ."

"ಹಾಗಾದರೆ ಸರಿ" ಎಂದು ಕುರ್ಚಿಗೆ ಒರಗಿದರು. ಸ್ವಲ್ಪ ಹೊತ್ತಾದ ಮೇಲೆ ಏನೋ ನೆನಪಾದಂತೆ ನನ್ನ ಕೈ ಹಿಡಿದು ಹೇಳಿದರು: "ನಿನ್ನ ಆ ಫೋನಿನಲ್ಲಿ ಅತ್ತಿಗೆಗೆ ಒಂದು ಮಾತು ಕೇಳು ಮಗಾ, ಹುರುಳಿ ನೆನೆ ಹಾಕಿದ್ದಾಳಾ ಅಂತ. ಇವು ಹಸಿದು ಬರ್ತಾವೆ."